ಉದ್ರಿ ಪುಸ್ತಕವೇ ಸಾಕ್ಷಿ

ಬೆಳಗಾವಿಯ ಶಹಾಪುರದಲ್ಲಿ ನಮ್ಮದೊಂದು ಔಷಧ ಅಂಗಡಿ, ತಂದೆಯವರ ಕಾಲದ್ದು. 2022ರಲ್ಲಿ ವಿಶ್ವ ಮಧುಮೇಹ ದಿನಕ್ಕೆ, ಅಂದರೆ ನವೆಂಬರ್ 14ಕ್ಕೆ, ಗಲ್ಲಿಯಲ್ಲಿ ಏನಾದರೂ ಮಾಡೋಣವೆಂದು ಗೆಳೆಯರೆಲ್ಲ ಸೇರಿದೆವು. ಉಚಿತ ತಪಾಸಣೆ ಎಂದರು ಒಬ್ಬರು. ಅದು ಎಲ್ಲ ಕಡೆ ಆಗುತ್ತದೆ. ಬೆರಳು ಚುಚ್ಚಿಸಿಕೊಂಡು ಹೋದವರು ಮುಂದೇನಾದರು ಎಂದು ಯಾರೂ ಕೇಳುವುದಿಲ್ಲ.

ನನ್ನ ತಲೆಯಲ್ಲಿದ್ದುದು ಬೋಸ್ಟನ್ನಿನ ಜೋಸ್ಲಿನ್ ಪದಕ. ಮಧುಮೇಹದೊಂದಿಗೆ 25 ವರ್ಷ ಬಾಳಿದವರಿಗೆ ಪದಕ ಕೊಡುವುದನ್ನು ಡಾಕ್ಟರ್ ಎಲಿಯಟ್ ಜೋಸ್ಲಿನ್ ಶುರು ಮಾಡಿದ್ದು 1948ರಲ್ಲಿ. ಇನ್ಸುಲಿನ್ ಮೊದಲ ಸಲ ರೋಗಿಯೊಬ್ಬನ ಮೈಗೆ ಹೋದದ್ದು 1922ರಲ್ಲಿ. ಲೆಕ್ಕ ಹಾಕಿದರೆ, ಆ ಪದಕಕ್ಕೆ ಮೊದಲು ಕೊರಳೊಡ್ಡಿದವರಲ್ಲಿ ಇನ್ಸುಲಿನ್ ಕಂಡ ಮೊದಲ ತಲೆಮಾರಿನವರೇ ಇದ್ದಿರಬೇಕು. 1970ರಿಂದ 50 ವರ್ಷದವರಿಗೆ, ಆಮೇಲೆ 75 ವರ್ಷದವರಿಗೂ ಪದಕ ಬಂತು. ಬ್ರಿಟನ್ನಿನಲ್ಲೂ 50 ವರ್ಷಕ್ಕೆ ಅಲನ್ ನಬಾರೊ ಪದಕವಿದೆ. ನಮ್ಮಲ್ಲಿ ನಿವೃತ್ತರಾದವರಿಗೆ ಶಾಲು, ಚುನಾವಣೆ ಗೆದ್ದವರಿಗೆ ಶಾಲು. ದಿನಕ್ಕೆರಡು ಸಲ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಮಕ್ಕಳ ಮದುವೆ ಮಾಡಿದವರಿಗೆ ಏನೂ ಇಲ್ಲ.

25 ವರ್ಷ ಎಂದು ನಾವೂ ಗೆರೆ ಎಳೆದೆವು. ಮಾತ್ರೆಯಾದರೂ ಸರಿ, ಇಂಜೆಕ್ಷನ್ ಆದರೂ ಸರಿ. ತೊಡಕು ಬಂದದ್ದು ಸಾಕ್ಷಿಯಲ್ಲಿ. ಬೋಸ್ಟನ್ನಿನವರು ಕಾಗದಪತ್ರ ಕೇಳುತ್ತಾರೆ. ನಮ್ಮವರ ಹತ್ತಿರ ಎಲ್ಲಿಂದ ಬರಬೇಕು? "ಹಿರಿಯ ಮಗಳ ಮದುವೆಯ ವರ್ಷ ಗೊತ್ತಾಯಿತು", "ಮನೆಗೆ ಎರಡನೆಯ ಎಮ್ಮೆ ತಂದಾಗ", ಹೀಗೆ ಉತ್ತರ. ಕೊನೆಗೆ ಅಟ್ಟ ಹತ್ತಿ ತಂದೆಯವರ ಉದ್ರಿ ಪುಸ್ತಕಗಳನ್ನು ಇಳಿಸಿದೆ. ಏನನ್ನೂ ಎಸೆಯದ ಮನುಷ್ಯ ಅವರು. ಅದಕ್ಕಾಗಿ ತಾಯಿ ಬೈದದ್ದಕ್ಕೆ ಲೆಕ್ಕವಿಲ್ಲ. ಅಂಚನ್ನು ಹುಳ ತಿಂದಿತ್ತು, ಅಕ್ಷರ ಉಳಿದಿತ್ತು: "ಇನ್ಸುಲಿನ್ ಬಾಟಲಿ 1, ಸೂಜಿ 2, ಬಾಕಿ." ಕೆಳಗೆ ತಾರೀಖು. ಅದಕ್ಕಿಂತ ದೊಡ್ಡ ದಾಖಲೆ ಬೇಕೆನಿಸಲಿಲ್ಲ. ಹನ್ನೊಂದು ಜನ ಸಿಕ್ಕರು. ಇಬ್ಬರು ಬೇಡವೆಂದರು. ಮನೆಯಲ್ಲಿ ಮದುವೆಗಿರುವ ಮೊಮ್ಮಗಳಿದ್ದಾಳೆ, ವೇದಿಕೆಯಲ್ಲಿ ಹೆಸರು ಕೂಗಿದರೆ ಸಂಬಂಧ ತಪ್ಪುತ್ತದೆ ಎಂಬ ಭಯ. ಒತ್ತಾಯ ಮಾಡಲಿಲ್ಲ.

ಎಲ್ಲರಿಗಿಂತ ಹಳಬರು ಒಬ್ಬ ನಿವೃತ್ತ ಮಾಸ್ತರರು. ವಯಸ್ಸು 72, ಇಂಜೆಕ್ಷನ್ ಶುರುವಾಗಿ 41 ವರ್ಷ. ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ ಬಳಸಿದವರು. ಆಗ ಮನೆಯಲ್ಲಿ ರಕ್ತ ನೋಡುವ ಯಂತ್ರವಿರಲಿಲ್ಲ. ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಉರಿಯ ಮೇಲೆ ಕಾಯಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಎಂದು ಬಣ್ಣ ಏರುತ್ತದೆ. "ಇಟ್ಟಂಗಿ ಬಣ್ಣ ಬಂದ ದಿನ ನನ್ನ ಹೆಂಡತಿ ನನ್ನೊಡನೆ ಮಾತಾಡುತ್ತಿರಲಿಲ್ಲ" ಎಂದರು ಮಾಸ್ತರರು.

ಕೊಡುವುದೇನು? ಬೆಳಗಾವಿಯಲ್ಲಿ ಕುಂದಾ ಇಲ್ಲದೆ ಸನ್ಮಾನ ಮುಗಿಯುವುದಿಲ್ಲ. ರೂಢಿಯ ಬಲದಿಂದ ಯಾರೋ ಒಂದು ಕಿಲೋ ತಂದೂ ಇಟ್ಟಿದ್ದರು. ನಾವು ಕೊಟ್ಟದ್ದು ಶಾಲು, ಹಿತ್ತಾಳೆಯ ಪದಕ, ಒಂದು ಜೊತೆ ಎಂಸಿಆರ್ ಚಪ್ಪಲಿ, ಅಂದರೆ ಪಾದಕ್ಕೆ ಒತ್ತದ ಮೆತ್ತನೆಯ ರಬ್ಬರಿನದು. ಚಪ್ಪಲಿಗೆ ಮನೆಮನೆಗೆ ಹೋಗಿ ಪಾದದ ಅಳತೆ ತೆಗೆದಿದ್ದೆ. ವೇದಿಕೆಯಲ್ಲಿ ಯಾರೂ ಪಾದರಕ್ಷೆ ಬಿಚ್ಚಬಾರದೆಂದು ಮೊದಲೇ ಹೇಳಿದ್ದೆ. ಹಳೆಯ ಮಧುಮೇಹದಿಂದ ಸ್ಪರ್ಶ ಸತ್ತ ಪಾದಕ್ಕೆ ಮೊಳೆ ನಟ್ಟರೂ ತಿಳಿಯುವುದಿಲ್ಲ.

ಇಷ್ಟೆಲ್ಲ ಯೋಚಿಸಿದವನು ಗಡಿಯಾರವನ್ನು ಮರೆತೆ. ಹತ್ತೂವರೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡು ದಾಟಿದ ಮೇಲೆ. ಸನ್ಮಾನಿತರ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಬೆಳಿಗ್ಗೆ ಎಂಟಕ್ಕೆ ಇನ್ಸುಲಿನ್ ತೆಗೆದುಕೊಂಡು ಒಂದೂವರೆ ರೊಟ್ಟಿ ತಿಂದು ಬಂದಿದ್ದರು. ಸ್ವಾಗತ ಭಾಷಣದ ನಡುವೆ ಅವರ ಹಣೆ ಬೆವರಿತು, ಕೈ ನಡುಗಿತು. ನಾನು ಕುಂದಾದ ಡಬ್ಬಿ ಹಿಡಿದು ಓಡಿದೆ. ಅಜ್ಜಿ ನನ್ನ ಕೈ ಸರಿಸಿದರು. ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಸಕ್ಕರೆಯ ಪೊಟ್ಟಣ ತೆಗೆದು ಬಾಯಿಗೆ ಸುರಿದುಕೊಂಡು ನೀರು ಕೇಳಿದರು. ಯಂತ್ರದಲ್ಲಿ ರಕ್ತದ ಸಕ್ಕರೆ 58 ತೋರಿಸಿತು, ತೀರ ಕಡಿಮೆ. ಕಾಲು ಗಂಟೆಯ ನಂತರ ಮತ್ತೆ ನೋಡಿದಾಗ 90 ದಾಟಿತ್ತು.

"ಕುಂದಾದಲ್ಲಿ ಹಾಲಿನ ಜಿಡ್ಡಿದೆಯಪ್ಪಾ, ರಕ್ತಕ್ಕೆ ಏರಲು ತಡ. ಇಂಥ ಹೊತ್ತಿನಲ್ಲಿ ಬರಿಯ ಸಕ್ಕರೆಯೇ ಬೇಕು" ಎಂದರು. 26 ವರ್ಷ ಔಷಧ ಮಾರಿದವನಿಗೆ, ಕುಂದಾದ ಡಬ್ಬಿ ಕೈಯಲ್ಲಿರುವಾಗ, ಪಾಠ.

ಮರುವರ್ಷದಿಂದ ಮುಖ್ಯ ಅತಿಥಿಯ ಪದ್ಧತಿಯನ್ನೇ ಕೈಬಿಟ್ಟೆವು. ತಿಂಡಿ ಕೊಟ್ಟು ಒಂಬತ್ತೂವರೆಗೆ ಶುರು, ಹನ್ನೊಂದಕ್ಕೆ ಮುಕ್ತಾಯ. ಪ್ರತಿ ಕುರ್ಚಿಯ ಮೇಲೆ ನೀರು ಮತ್ತು ಸಕ್ಕರೆ ಪೊಟ್ಟಣ. ಹೊಸಬರ ಕೊರಳಿಗೆ ಪದಕ ಹಾಕುವುದು ಹಿಂದಿನ ವರ್ಷದವರು.

ಮೊದಲ ವರ್ಷ ಎಲ್ಲ ಮುಗಿದ ಮೇಲೆ ಮಾಸ್ತರರು ಹೊಸ ಚಪ್ಪಲಿ ಮೆಟ್ಟಿ ಎರಡು ಹೆಜ್ಜೆ ನಡೆದು ನೋಡಿ, 75 ವರ್ಷದ ಪದಕದ ವಿಚಾರ ಕೇಳಿದರು. ಬೆರಳು ಮಡಚಿ ಎಣಿಸಿದರು. "ಇನ್ನು 34 ವರ್ಷ. ಆಗ ನನಗೆ 106. ಪಾದದ ಅಳತೆಯನ್ನು ಮಾತ್ರ ಆಗ ಮತ್ತೊಮ್ಮೆ ತೆಗೆದುಕೊಳ್ಳಿ."