ಎಂಬೆಡ್ ಪಾಡ್‌ಕಾಸ್ಟ್ ಪ್ಲೇಯರ್: ಬಟನ್‌ಗಳ ಲೆಕ್ಕ ಅಗಲದಿಂದ ಶುರುವಾಗಲಿ

ಎಂಬೆಡ್ ಪ್ಲೇಯರ್‌ಗೆ, ಅಂದರೆ ಬೇರೆಯವರ ವೆಬ್ ಪುಟದೊಳಗೆ ಕೂರುವ ಪ್ಲೇಯರ್‌ಗೆ, ಎಷ್ಟು ಜಾಗ ಸಿಗಬೇಕೆಂದು ತೀರ್ಮಾನಿಸುವುದು ಅದನ್ನು ಕಟ್ಟಿದವರಲ್ಲ, ಅದನ್ನು ಹಾಕಿಕೊಂಡ ಪುಟ. ಹಾಗಾಗಿ 280 ಪಿಕ್ಸೆಲ್ ಅಗಲಕ್ಕೆ ಮೊದಲು ವಿನ್ಯಾಸ ಮಾಡಿ, ಆಮೇಲೆ ಹಿಗ್ಗಿಸಿ. ಬೆರಳಿಗೆ ಸಿಗುವ ಬಟನ್ 44 ಪಿಕ್ಸೆಲ್ ಚೌಕ ಇರಲಿ. ಐದು ಬಟನ್‌ಗೆ 220, ನಡುವಿನ ನಾಲ್ಕು ಸಂದಿಗೆ ಎಂಟೆಂಟರಂತೆ 32, ಎರಡೂ ಅಂಚಿಗೆ ಸೇರಿ 24. ಒಟ್ಟು 276. ಆರನೆಯದಕ್ಕೆ ಜಾಗವೇ ಇಲ್ಲ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ. 2023ರಲ್ಲಿ ಬಂದ ಅದರ 2.2 ಆವೃತ್ತಿ ಎಎ ಮಟ್ಟದಲ್ಲಿ 24 ಪಿಕ್ಸೆಲ್ ಸಾಕೆನ್ನುತ್ತದೆ, ಇನ್ನೂ ಕಟ್ಟುನಿಟ್ಟಾದ ಎಎಎ ಮಟ್ಟದಲ್ಲಿ 44 ಕೇಳುತ್ತದೆ. ನಡೆಯುತ್ತಲೋ ಕೆಲಸ ಮಾಡುತ್ತಲೋ ಕೇಳುವ ಪಾಡ್‌ಕಾಸ್ಟ್‌ಗೆ ದೊಡ್ಡದೇ ಸರಿ. ಐಕಾನ್ 24 ಇದ್ದರೂ ಪರವಾಗಿಲ್ಲ, ಉಳಿದದ್ದನ್ನು ಪ್ಯಾಡಿಂಗ್ (ಐಕಾನ್ ಸುತ್ತಲಿನ ಖಾಲಿ ಜಾಗ) ತುಂಬುತ್ತದೆ.

ಐದು ಯಾವುವು? 15 ಸೆಕೆಂಡ್ ಹಿಂದೆ, ಪ್ಲೇ, 30 ಸೆಕೆಂಡ್ ಮುಂದೆ, ವೇಗ, ಶೇರ್. ವಾಲ್ಯೂಮ್ ಬೇಡ: ಫೋನಿನಲ್ಲಿ ಅದಕ್ಕೆ ಬೇರೆ ಕೀಲಿಗಳಿವೆ, ಐಫೋನ್‌ನಲ್ಲಂತೂ ಆಡಿಯೋದ ವಾಲ್ಯೂಮನ್ನು ಪುಟದ ಸ್ಕ್ರಿಪ್ಟ್ (ಕೋಡ್) ಬದಲಿಸಲಾರದು. ಅಗಲ ಹೆಚ್ಚಿದಾಗ ಸೇರಿಸಿದರಾಯಿತು. ಪ್ಲೇಯರ್ ಕೂರುವುದು ಐಫ್ರೇಮ್‌ನಲ್ಲಿ, ಅಂದರೆ ಪುಟದೊಳಗಿನ ಪುಟದ ಚೌಕಟ್ಟಿನಲ್ಲಿ. ಅದರ ಒಳಗಿನ ಮೀಡಿಯಾ ಕ್ವೆರಿ (ಅಗಲ ನೋಡಿ ವಿನ್ಯಾಸ ಬದಲಿಸುವ ಸಿಎಸ್‌ಎಸ್ ನಿಯಮ) ಅಳೆಯುವುದು ಐಫ್ರೇಮಿನ ಅಗಲವನ್ನೇ, ಹೊರಗಿನ ಪುಟದ್ದಲ್ಲ. ಈ ಕೆಲಸಕ್ಕೆ ಅದೇ ಬೇಕಾದದ್ದು.

ಹೆಚ್ಚು ಎಡವಟ್ಟಾಗುವುದು ಪ್ಲೇ ಬಟನ್‌ನಲ್ಲಿ. ಕ್ಲಿಕ್ ಆಯಿತೆಂದು ಐಕಾನ್ ಬದಲಿಸಬೇಡಿ, ಆಡಿಯೋ ಎಲಿಮೆಂಟ್ (ಪುಟದಲ್ಲಿ ಧ್ವನಿ ನುಡಿಸುವ ಭಾಗ) ತನ್ನ ಇವೆಂಟ್‌ಗಳಿಂದ, ಅಂದರೆ ಸೂಚನೆಗಳಿಂದ, ಏನು ಹೇಳುತ್ತದೆಂದು ಕೇಳಿ ಬದಲಿಸಿ. 'ಪ್ಲೇ' ಇವೆಂಟ್ ಬಂದಾಗ ನಿಲ್ಲಿಸುವ ಐಕಾನ್ ತೋರಿಸಿ, ಸುತ್ತ ತಿರುಗುವ ಉಂಗುರ ಹಾಕಿ. 'ಪ್ಲೇಯಿಂಗ್' ಬಂದಾಗ ಉಂಗುರ ತೆಗೆಯಿರಿ, 'ವೇಟಿಂಗ್' ಬಂದರೆ ಮತ್ತೆ ಹಾಕಿ. 'ಪಾಸ್', 'ಎಂಡೆಡ್' ಎರಡಕ್ಕೂ ಪ್ಲೇ ಐಕಾನ್. ನೆಟ್ ನಿಧಾನವಿದ್ದು ಏನೂ ಬದಲಾಗದಿದ್ದರೆ ಕೇಳುಗರು ಇನ್ನೊಮ್ಮೆ ಒತ್ತುತ್ತಾರೆ, ಆ ಎರಡನೇ ಒತ್ತು ಆಡಿಯೋವನ್ನು ನಿಲ್ಲಿಸಿಬಿಡುತ್ತದೆ. ಲೋಡ್ ಆಗುವಾಗ ಬಟನ್ನನ್ನು ನಿಷ್ಕ್ರಿಯ ಮಾಡುವುದೂ ತಪ್ಪೇ, ಬೇಡವೆನಿಸಿದವರು ನಿಲ್ಲಿಸುವುದು ಹೇಗೆ? ಪ್ಲೇ ಕರೆ ಕೊಡುವ ಪ್ರಾಮಿಸ್ (ಆಮೇಲೆ ಫಲಿತಾಂಶ ತಿಳಿಸುವ ವಸ್ತು) ವಿಫಲವಾದರೆ ಐಕಾನನ್ನು ಹಿಂದಕ್ಕೆ ತಂದು, ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿ.

ಪ್ಲೇಗೊಂದು, ನಿಲ್ಲಿಸಲೊಂದು ಎಂದು ಎರಡು ಬಟನ್ ಇಟ್ಟು ಒಂದನ್ನು ಅಡಗಿಸಿದರೆ ಕೀಬೋರ್ಡ್ ಫೋಕಸ್ (ಈಗ ಕೀಲಿ ಒತ್ತಿದರೆ ಯಾವುದಕ್ಕೆ ತಾಗುತ್ತದೋ ಆ ಗುರುತು) ಕಳೆದುಹೋಗುತ್ತದೆ. ಒಂದೇ ಬಟನ್ ಇರಲಿ, ಸ್ಕ್ರೀನ್ ರೀಡರ್ ಓದಿ ಹೇಳುವ ಹೆಸರಾದ ಏರಿಯಾ-ಲೇಬಲ್ ಮಾತ್ರ ಬದಲಾಗಲಿ. ಅದರ ಜೊತೆ, ಬಟನ್ ಒತ್ತಿದ ಸ್ಥಿತಿಯಲ್ಲಿದೆ ಎಂದು ಹೇಳುವ ಏರಿಯಾ-ಪ್ರೆಸ್ಡ್ ಬೇಡ: ಸ್ಕ್ರೀನ್ ರೀಡರ್ 'ನಿಲ್ಲಿಸಿ, ಒತ್ತಲಾಗಿದೆ' ಎಂದು ಓದಿದರೆ ಆಡಿಯೋ ನಿಂತಿದೆಯೋ ಓಡುತ್ತಿದೆಯೋ ತಿಳಿಯುವುದಿಲ್ಲ. ಸ್ಪೇಸ್ ಕೀಲಿಗೆ ಇಡೀ ಡಾಕ್ಯುಮೆಂಟ್ ಮಟ್ಟದಲ್ಲಿ ಶಾರ್ಟ್‌ಕಟ್ ಇಟ್ಟಿದ್ದರೆ, ಫೋಕಸ್ ಬೇರೆ ಬಟನ್ ಮೇಲಿದ್ದಾಗ ಆ ಶಾರ್ಟ್‌ಕಟ್ ಕೆಲಸ ಮಾಡದಂತೆ ನೋಡಿಕೊಳ್ಳಿ. ಇಲ್ಲವಾದರೆ ಸ್ಪೇಸ್‌ನಿಂದ ಶೇರ್ ಒತ್ತಿದವರಿಗೆ ಆಡಿಯೋವೂ ಶುರುವಾಗುತ್ತದೆ.

ಹಿಂದೆ-ಮುಂದೆ ಬಟನ್‌ಗಳ ಐಕಾನ್ ಒಳಗೇ 15, 30 ಎಂದು ಬರೆಯಿರಿ, ಬರೀ ಬಾಣ ನೋಡಿದವರು ಮುಂದಿನ ಸಂಚಿಕೆ ಎಂದುಕೊಳ್ಳುತ್ತಾರೆ. ಇವುಗಳನ್ನು ಪಟಪಟನೆ ಒತ್ತುವುದೇ ಅಭ್ಯಾಸ, ಆಗ ಫೋನಿನಲ್ಲಿ ಪುಟ ಜೂಮ್ ಆಗಬಹುದು. ಅದನ್ನು ತಡೆಯಲು ಸಿಎಸ್‌ಎಸ್‌ನಲ್ಲಿ ಟಚ್-ಆಕ್ಷನ್ ಅನ್ನು ಮ್ಯಾನಿಪ್ಯುಲೇಶನ್ ಮಾಡಿ. ಮೆಟಾಡೇಟಾ (ಫೈಲಿನ ಉದ್ದ ಮುಂತಾದ ವಿವರ) ಬರುವ ಮುನ್ನ ಅವಧಿ ಎನ್‌ಎಎನ್, ಅಂದರೆ 'ಸಂಖ್ಯೆಯಲ್ಲ', ಆಗಿರುತ್ತದೆ, ಆಗ ಅದನ್ನು ಲೆಕ್ಕಕ್ಕೆ ಹಿಡಿದು ಜಿಗಿಸಿದರೆ ಎರರ್ ಖಂಡಿತ.

ವೇಗದ ಬಟನ್ನನ್ನು ಒತ್ತಿದಂತೆಲ್ಲ 1, 1.25, 1.5, 1.75, 2 ಎಂದು ಸುತ್ತಿಸುವ ರೂಢಿಯಿದೆ. 1.25ರಿಂದ 1ಕ್ಕೆ ಮರಳಲು ನಾಲ್ಕು ಸಲ ಒತ್ತಬೇಕು! ಬ್ರೌಸರಿನದೇ ಸೆಲೆಕ್ಟ್ ಪಟ್ಟಿ ಎಷ್ಟೋ ವಾಸಿ. ಹೊಸ ಸಂಚಿಕೆ ಲೋಡ್ ಆದಾಗ ಪ್ಲೇಬ್ಯಾಕ್ ರೇಟ್ ಡೀಫಾಲ್ಟ್ ವೇಗಕ್ಕೆ ಹಿಂತಿರುಗುತ್ತದೆ, ಆದ್ದರಿಂದ ಡೀಫಾಲ್ಟ್ ಪ್ಲೇಬ್ಯಾಕ್ ರೇಟನ್ನೂ ಜೊತೆಗೇ ಬದಲಿಸಿ.

ಬಣ್ಣದ ವಿಷಯದಲ್ಲಿ ಹೆಚ್ಚೇನಿಲ್ಲ: ಐಕಾನ್ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 3:1 ಕಾಂಟ್ರಾಸ್ಟ್. ಆದರೆ ಫೋಕಸ್ ಗೆರೆ ಐಫ್ರೇಮಿನ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಮೊದಲ ಲೆಕ್ಕದಲ್ಲಿ ಒಂದೊಂದು ಅಂಚಿಗೆ 12ರಂತೆ ಬಿಟ್ಟದ್ದು ಇದಕ್ಕೂ ಸೇರಿಯೇ.

ಪರೀಕ್ಷೆಗೆ ಒಂದೇ ಪುಟದಲ್ಲಿ 280 ಪಿಕ್ಸೆಲ್‌ನ ಎರಡು ಪ್ಲೇಯರ್ ಇಡಿ, ಡೆವಲಪರ್ ಟೂಲ್ಸ್‌ನಲ್ಲಿ ನೆಟ್ ವೇಗ ತಗ್ಗಿಸಿ, ಮೌಸ್ ಮುಟ್ಟದೆ ಟ್ಯಾಬ್‌ನಿಂದಲೇ ನಡೆಸಿ. ಎರಡನೆಯದು ಶುರುವಾದಾಗ ಮೊದಲನೆಯದು ನಿಲ್ಲದಿದ್ದರೆ ಬ್ರಾಡ್‌ಕಾಸ್ಟ್ ಚಾನೆಲ್ (ಒಂದೇ ಸೈಟಿನ ಚೌಕಟ್ಟುಗಳು ಪರಸ್ಪರ ಸಂದೇಶ ಕಳಿಸುವ ಬ್ರೌಸರ್ ಸೌಲಭ್ಯ) ಮೂಲಕ ಒಂದು ಸಂದೇಶ ಕಳಿಸಿ ನಿಲ್ಲಿಸಿ.