ಹೊಲಿಗೆ ಮೆಷಿನ್ ಮುಂದೆ ಕೂತು ಧಾರಾವಾಹಿ ನೋಡುವ ಕ್ರಮ

ನಾನು ಶಿವಮೊಗ್ಗದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಂಗಡಿಯ ಮೂಲೆಯಲ್ಲಿ ಒಂದು ಹಳೇ ಟಿವಿ ಇದೆ. ಸಂಜೆ ಆರೂವರೆಗೆ ಹಾಕಿದರೆ ಒಂಬತ್ತಕ್ಕೆ ಶಟರ್ ಎಳೆಯುವ ತನಕ ಆರಿಸುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ವಿಷಯ ಖಾತ್ರಿಯಾಗಿದೆ. ಧಾರಾವಾಹಿಯನ್ನು ಮೊದಲು ಕಿವಿಯಿಂದ ನೋಡಬೇಕು. ಕಣ್ಣು ಆಮೇಲೆ.

ಹೊಸದೊಂದು ಶುರುವಾದಾಗ ಮೂರು ದಿನ ಟಿವಿಗೆ ಬೆನ್ನು ಹಾಕಿ ಕೂರಿ. ಕೈಯಲ್ಲಿ ಹುಕ್ ಹಾಕುವಂಥ ಕೆಲಸ ಇರಲಿ. ಮನೆಯಲ್ಲಾದರೆ ಸೊಪ್ಪು ಬಿಡಿಸಿ. ಯಾರಿಗೆ ಯಾರ ಮೇಲೆ ಯಾಕೆ ಸಿಟ್ಟು ಅಂತ ಬರೀ ಮಾತಿನಿಂದಲೇ ಗೊತ್ತಾದರೆ ಮುಂದುವರಿಸಿ. ಢಣ್ ಢಣ್ ಸದ್ದು, ಯಾರೋ ಉಸಿರು ಎಳೆದುಕೊಂಡದ್ದು, ಇಷ್ಟೇ ಕೇಳಿದರೆ ಬಿಟ್ಟುಬಿಡಿ. ಅಲ್ಲಿ ಕ್ಯಾಮೆರಾ ಮನೆಮಂದಿಯ ಒಂದೊಂದು ಮುಖಕ್ಕೂ ಮೂರು ಮೂರು ಸಲ ಹೋಗಿ ಬರುತ್ತಿರುತ್ತದೆ.

ಈ ಪರೀಕ್ಷೆಯಲ್ಲಿ ನಿರ್ದೇಶಕ ಟಿ.ಎನ್. ಸೀತಾರಾಂ ಅವರ ಧಾರಾವಾಹಿ ಯಾವಾಗಲೂ ಫಸ್ಟ್ ಕ್ಲಾಸ್. 'ಮಾಯಾಮೃಗ' ಚಂದನದಲ್ಲಿ ಬರುತ್ತಿದ್ದಾಗ ನಾನಿನ್ನೂ ಹೆಮ್ಮಿಂಗ್ ಕಲಿಯುತ್ತಿದ್ದೆ. 'ಮುಕ್ತ ಮುಕ್ತ'ದಲ್ಲಿ ಅವರೇ ವಕೀಲ ಸಿ.ಎಸ್.ಪಿ. ಆಗಿ ಕೋರ್ಟಿನಲ್ಲಿ ನಿಧಾನಕ್ಕೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರಲ್ಲ, ಆ ಸುಮ್ಮನಿರುವುದೂ ಕಿವಿಗೆ ಕೇಳಿಸುತ್ತಿತ್ತು. ಅಂಥ ಒಂದು ಸಂಜೆ ರೇಷ್ಮೆ ಬ್ಲೌಸಿನ ತೋಳು ಕತ್ತರಿಸುತ್ತಿದ್ದೆ. ಸಾಕ್ಷಿ ಏನು ಹೇಳುತ್ತಾನೋ ಅಂತ ತಲೆ ಎತ್ತಿದೆ, ಕತ್ತರಿ ಮಾತ್ರ ನಿಲ್ಲಲಿಲ್ಲ. ಕೊನೆಗೆ ನೋಡಿದರೆ ಎರಡೂ ತೋಳು ಬಲಗೈಗೇ! ಹೊಸ ಬಟ್ಟೆಗೆ ನನ್ನ ದುಡ್ಡೇ ಹೋಯಿತು. ಅವತ್ತಿಂದ ಕತ್ತರಿ ಹಿಡಿದಾಗ ಟಿವಿ ಸೌಂಡ್ ಬಂದ್. ಫಾಲ್, ಹುಕ್, ಹೆಮ್ಮಿಂಗ್ ಮಾಡುವಾಗ ಏನು ಬೇಕಾದರೂ ನೋಡಬಹುದು.

ಭಾಷೆಗಾಗಿ ಕೇಳಬೇಕು ಅಂದರೆ ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ 'ಮೂಡಲ ಮನೆ'. ಆ ಉತ್ತರ ಕರ್ನಾಟಕದ ಮಾತು ನಮ್ಮ ಕಡೆಯದ್ದಲ್ಲ. ಆದರೂ ನಾಲ್ಕು ದಿನ ಕೇಳಿದ ಮೇಲೆ ನನ್ನ ಬಾಯಲ್ಲೂ ಬರತೊಡಗಿತ್ತು. ಈಗಿನ ಎಷ್ಟೋ ಧಾರಾವಾಹಿಗಳಲ್ಲಿ ಹಳ್ಳಿ ಅಜ್ಜಿಯೂ ಶೋರೂಮ್ ಮ್ಯಾನೇಜರೂ ಒಂದೇ ಥರ ಮಾತಾಡುತ್ತಾರೆ. 'ಪುಟ್ಟಕ್ಕನ ಮಕ್ಕಳು' ನಾನು ಹಿಡಿದದ್ದೇ ಉಮಾಶ್ರೀ ದನಿಗಾಗಿ. ಅದರಲ್ಲಿ ಅವರದ್ದು ಮೆಸ್ ನಡೆಸುವ ಪುಟ್ಟಕ್ಕನ ಪಾತ್ರ, ಮೆಸ್ ನಡೆಸುವ ಹೆಂಗಸು ಹಾಗೇ ಮಾತಾಡುವುದು.

ಕಿವಿಯಿಂದ ನೋಡುವವರಿಗೆ ಒಂದು ಲಾಭವೂ ಇದೆ. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು, ಡಬ್ ಆದ 'ಮಹಾಭಾರತ' ಬಂತು. ತುಟಿ ಒಂದು ಕಡೆ, ಮಾತು ಒಂದು ಕಡೆ ಅಂತ ನಮ್ಮತ್ತೆ ಗೊಣಗಿದರು. ಮಾಸ್ಕ್ ಹೊಲಿಯುತ್ತಾ ಕೂತ ನನಗೆ ಅದರ ಗೊಡವೆಯೇ ಇರಲಿಲ್ಲ. ಆದರೆ ಕಲಾವಿದರು ಬದಲಾದಾಗ ಕಷ್ಟ. 2022ರಲ್ಲಿ 'ಜೊತೆ ಜೊತೆಯಲಿ'ಯಿಂದ ಅನಿರುದ್ಧ ಹೋಗಿ ಹರೀಶ್ ರಾಜ್ ಬಂದಾಗ ಬೇರೆ ಯಾರದೋ ಮನೆಗೆ ಬಂದು ಕೂತ ಹಾಗಾಯಿತು. ಹೊಸಬರಿಗೆ ಎರಡು ವಾರ ಟೈಮ್ ಕೊಡಿ. ಪಾಪ, ತಪ್ಪು ಅವರದ್ದಲ್ಲ ಅಲ್ವಾ.

ಪ್ರೋಮೋ ನಂಬಬೇಡಿ. ಅದರಲ್ಲಿ ತಾಳಿ ಕುತ್ತಿಗೆ ಹತ್ತಿರ ಬಂದಿದೆ ಅಂದರೆ ಇನ್ನೂ ಒಂದು ವಾರ ಇದೆ ಅಂತ ಅರ್ಥ. ಟಿಆರ್‌ಪಿ ಲೆಕ್ಕ ವಾರವಾರ ಬರುತ್ತದೆ, ಮದುವೆ ಎಳೆದಷ್ಟೂ ಅವರಿಗೆ ಒಳ್ಳೆಯದು.

ಇನ್ನು ಕಾಮಿಡಿ. ಇಲ್ಲಿ ನನ್ನ ಕಿವಿ ನಿಯಮ ಅರ್ಧ ಮಾತ್ರ ನಡೆಯುತ್ತದೆ. 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠ್ಠಲ್ ರಾವ್ ಮಾತು ಕೇಳಿದರೆ ಸಾಕು, ನಗು ಬರುತ್ತದೆ. 'ಪಾಪ ಪಾಂಡು' ಹಾಗಲ್ಲ. ಹೆಂಡತಿ ಶ್ರೀಮತಿ ಕೈಲಿ ಏಟು ತಿನ್ನುವ ಮುಂಚೆ ಪಾಂಡು ಆಗಿದ್ದ ಚಿದಾನಂದ್ ಮುಖ ನೋಡಬೇಕು, ಸೂಜಿ ಕೆಳಗಿಟ್ಟು ನೋಡಬೇಕು. ಕಾಮಿಡಿಗೆ ಕ್ರಮ ಬೇಡ, ಯಾವ ಕಂತಿನಿಂದ ಬೇಕಾದರೂ ಹಿಡಿಯಿರಿ. ಒಂದೇ ಸಲಕ್ಕೆ ಎರಡಕ್ಕಿಂತ ಜಾಸ್ತಿ ಬೇಡ, ಮೂರನೆಯದಕ್ಕೆ ಅದೇ ಮಾತು ಸಪ್ಪೆ ಅನ್ನಿಸುತ್ತದೆ. ನೀವು ನಗುವ ಮೊದಲೇ ಟಿವಿಯೊಳಗಿಂದ ನಗು ಬಂದರೆ ಚಾನೆಲ್ ಬದಲಿಸಿ.

ಕಿವಿಯ ಹಂಗೇ ಇಲ್ಲದೆ ಗೆದ್ದದ್ದು ಒಂದಿದೆ, 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ಅದನ್ನು ನಮ್ಮ ಜಿಲ್ಲೆಯ ಆಗುಂಬೆಯಲ್ಲೇ ಮಾಡಿದ್ದು. ನಾನಾಗ ಚಿಕ್ಕವಳು, ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಸ್ವಾಮಿ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥನ ಮುಖ ನೋಡಿದರೆ ಸಾಕಿತ್ತು, ಸ್ವಾಮಿ ಇವತ್ತು ಸ್ಕೂಲಿನಲ್ಲಿ ಏನು ಮಾಡಿಕೊಂಡ ಅಂತ ತಿಳಿಯುತ್ತಿತ್ತು.

ಬಿಡುವುದು ಯಾವಾಗ? 'ಅಗ್ನಿಸಾಕ್ಷಿ' 2013ರಿಂದ 2020ರವರೆಗೆ ಬಂತು. ಚಂದ್ರಿಕಾ ಮಾಡುವುದೆಲ್ಲ ನಮಗೆ ಗೊತ್ತು, ಆ ಮನೆಯವರಿಗೆ ಮಾತ್ರ ಗೊತ್ತಾಗುವುದಿಲ್ಲ. ನಾನು ಮಧ್ಯದಲ್ಲಿ ಒಂದು ವರ್ಷ ಬಿಟ್ಟು ಮತ್ತೆ ಹಿಡಿದೆ, ಏನೂ ತಪ್ಪಿಹೋಗಿರಲಿಲ್ಲ. ಹಾಗಾಗಿ ಬಿಡಲು ಹೆದರಬೇಡಿ.

ಮೊನ್ನೆ ಒಬ್ಬ ಹುಡುಗಿ ಬಂದು ಫೋನಿನಲ್ಲಿ ಒಬ್ಬ ನಾಯಕಿಯ ಫೋಟೋ ತೋರಿಸಿದಳು. ಇದೇ ಬ್ಯಾಕ್ ನೆಕ್ ಬೇಕು ಆಂಟಿ ಅಂದಳು. ಆ ಧಾರಾವಾಹಿಯನ್ನು ನಾನು 8 ತಿಂಗಳಿಂದ ಕೇಳುತ್ತಿದ್ದೇನೆ, ನಾಯಕಿ ಮುಖ ಸರಿಯಾಗಿ ನೋಡಿದ್ದು ಅವತ್ತೇ. ಡೋರಿ ಇಟ್ಟರೆ 50 ರೂಪಾಯಿ ಜಾಸ್ತಿ ಆಗುತ್ತದೆ ಅಂದೆ.