ವಿಷಯ ಇಟ್ಟು ಹೆಣೆದ ಪದಬಂಧವನ್ನು ಬಿಡಿಸುವ ಬಗೆ

ಸಾಮಾನ್ಯ ಪದಬಂಧದಲ್ಲಿ ಒಂದು ಉತ್ತರಕ್ಕೂ ಇನ್ನೊಂದಕ್ಕೂ ನಡುವೆ ಹಂಚಿಕೊಂಡ ಅಕ್ಷರವನ್ನು ಬಿಟ್ಟರೆ ಬೇರೆ ನಂಟು ಇರುವುದಿಲ್ಲ. ವಿಷಯ ಇಟ್ಟುಕೊಂಡು ಹೆಣೆದ ಪದಬಂಧದಲ್ಲಾದರೆ ನಾಲ್ಕೈದು ಉದ್ದನೆಯ ಉತ್ತರಗಳು ಒಂದೇ ಯೋಚನೆಗೆ ಸೇರಿದವಾಗಿರುತ್ತವೆ, ಮತ್ತು ಆ ಯೋಚನೆ ಏನೆಂಬುದನ್ನು ರಚಿಸಿದವರು ತಲೆಬರಹದಲ್ಲಿ ಅರ್ಧ ಹೇಳಿ ಅರ್ಧ ಬಚ್ಚಿಟ್ಟಿರುತ್ತಾರೆ. ಬಹಳ ಮಂದಿ ತಲೆಬರಹವನ್ನು ನೋಡಿದ ಕೂಡಲೇ ವಿಷಯ ಇಂಥದ್ದೇ ಎಂದು ಊಹಿಸಿಕೊಂಡು, ಅದಕ್ಕೆ ಒಪ್ಪುವ ಪದಗಳನ್ನು ಮನೆಗಳಲ್ಲಿ, ಅಂದರೆ ಖಾಲಿ ಚೌಕಗಳಲ್ಲಿ, ತುರುಕಲು ಹೋಗಿ, ಅರ್ಧಕ್ಕೇ ಕೈಬಿಡುತ್ತಾರೆ. ಅದಕ್ಕೆ ಎದುರಾದ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ. ವಿಷಯವನ್ನು ಹುಡುಕಿಕೊಂಡು ಹೋಗಬಾರದು. ಅಡ್ಡಸಾಲು ಮತ್ತು ಉದ್ದಸಾಲು ಕೂಡುವ ಮನೆಗಳಿಂದ ಅದು ತಾನೇ ಮೇಲೆದ್ದು ಬರುವಂತೆ ಕೆಲಸ ಮಾಡಬೇಕು, ಬಂದ ಮೇಲೆ ಅದನ್ನು ಚೆನ್ನಾಗಿ ದುಡಿಸಿಕೊಳ್ಳಬೇಕು. ಉದಾಹರಣೆಗಳನ್ನು ನಮ್ಮ ಬಾಗಲಕೋಟೆ ಮತ್ತು ವಿಜಯಪುರದ ಕಡೆಯಿಂದಲೇ ಆರಿಸಿಕೊಂಡಿದ್ದೇನೆ, ಏಕೆಂದರೆ ಗೊತ್ತಿರುವ ಊರಿನ ಹೆಸರುಗಳಲ್ಲಿ ಈ ವಿದ್ಯೆಯ ಒಳಗುಟ್ಟು ಬೇಗ ಕಾಣುತ್ತದೆ.

ಕನ್ನಡ ಪದಬಂಧದ ಹಂದರ, ಅಂದರೆ ಮನೆಗಳ ಚೌಕಟ್ಟು, ಇಂಗ್ಲಿಷಿನ ಹಂದರಕ್ಕಿಂತ ಹೇಗೆ ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬ ಪತ್ರಕರ್ತರು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರಾಕಾರದ ಮೊದಲ ಪದಬಂಧವನ್ನು ಪ್ರಕಟಿಸಿದಾಗ, ಒಂದು ಮನೆಯಲ್ಲಿ ಇಪ್ಪತ್ತಾರು ಅಕ್ಷರಗಳಲ್ಲಿ ಒಂದು ಮಾತ್ರ ಕೂರಬಹುದಾಗಿತ್ತು. ನಮ್ಮಲ್ಲಿ ಒಂದು ಮನೆಯೊಳಗೆ ವ್ಯಂಜನ, ಅದರ ಗುಣಿತ, ಒತ್ತು, ಅನುಸ್ವಾರ ಎಲ್ಲವೂ ಸೇರಿ ಕೂರುತ್ತವೆ. ಗುಳೇದಗುಡ್ಡ ಎಂದರೆ ಐದು ಮನೆ, ಕೂಡಲಸಂಗಮ ಎಂದರೆ ಆರು ಮನೆ. ಇದರ ಪರಿಣಾಮ ದೊಡ್ಡದು. ಕಾಗುಣಿತವನ್ನೆಲ್ಲ ಲೆಕ್ಕ ಹಾಕಿದರೆ ಒಂದು ಮನೆಗೆ ನೂರಾರು ಸಾಧ್ಯತೆಗಳಿರುವುದರಿಂದ, ಅಡ್ಡಹಾಯುವ ಪದದಿಂದ ಒಂದೇ ಒಂದು ಅಕ್ಷರ ಖಚಿತವಾಗಿ ಸಿಕ್ಕರೂ ಉತ್ತರದ ಹುಡುಕಾಟ ಬಹಳ ಕಿರಿದಾಗುತ್ತದೆ. ಆದರೆ ಇದೇ ಕಾರಣಕ್ಕೆ ರಚಿಸುವವರಿಗೆ ಪದಗಳನ್ನು ಒತ್ತೊತ್ತಾಗಿ ಹೆಣೆಯುವುದು ಕಷ್ಟವಾಗಿ, ನಮ್ಮ ಹಂದರಗಳಲ್ಲಿ ಎರಡು ಪದ ಕೂಡುವ ಮನೆಗಳು ಕಡಿಮೆ ಇರುತ್ತವೆ. ಒಂದೇ ಪದಕ್ಕೆ ಸೇರಿದ ಒಂಟಿ ಮನೆಗಳು ಹೆಚ್ಚು. ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಎಲ್ಲೆಲ್ಲಿ ಪದಗಳು ಕೂಡುತ್ತವೆ ಎಂಬುದನ್ನು ಒಮ್ಮೆ ಕಣ್ಣಾಡಿಸಿ ನೋಡುವುದು ಒಳ್ಳೆಯದು. ಹೆಚ್ಚು ಪದಗಳೊಡನೆ ಕೂಡುವ ಉತ್ತರದಿಂದಲೇ ಆರಂಭಿಸಬೇಕು, ಒಂದನೆಯ ಸಂಖ್ಯೆಯಿಂದಲ್ಲ.

ಸುಳಿವಿನ ಕೊನೆಗೆ ಆವರಣದಲ್ಲಿರುವ ಅಂಕಿಯನ್ನು ಹಲವರು ಕೊನೆಗೆ ನೋಡುತ್ತಾರೆ. ಅದನ್ನು ಮೊದಲು ನೋಡಬೇಕು. ಆದಿಲಶಾಹಿಗಳ ರಾಜಧಾನಿ ಯಾವುದೆಂದು ಕೇಳಿ ಆವರಣದಲ್ಲಿ ಐದು ಎಂದಿದ್ದರೆ ವಿಜಯಪುರ, ನಾಲ್ಕು ಎಂದಿದ್ದರೆ 2014ರ ನವೆಂಬರ್‌ವರೆಗೆ ಬಳಕೆಯಲ್ಲಿದ್ದ ಬಿಜಾಪುರ. ಐಹೊಳೆಗೆ ಮೂರು ಮನೆ, ಅದರ ಹಳೆಯ ಹೆಸರಾದ ಅಯ್ಯಾವೊಳೆಗೆ ನಾಲ್ಕು. ಅಂಕಿ ಒಂದೇ ಆಗಿ ತೊಡಕು ತರುವ ಜೋಡಿಗಳೂ ಇವೆ. ಬಾದಾಮಿಗೂ ಅದರ ಹಳೆಯ ಹೆಸರಾದ ವಾತಾಪಿಗೂ ಮೂರೇ ಮನೆ ಇರುವುದರಿಂದ, ಅಡ್ಡಹಾಯುವ ಪದ ಒಂದು ಅಕ್ಷರ ಕೊಡುವವರೆಗೆ ಎರಡರಲ್ಲಿ ಯಾವುದನ್ನೂ ಒತ್ತಿ ಬರೆಯದೆ, ಮನೆಯ ಮೂಲೆಯಲ್ಲಿ ತೆಳುವಾಗಿ ಗುರುತಿಟ್ಟುಕೊಂಡು ಮುಂದೆ ಹೋಗಬೇಕು. ಇಳಕಲ್ ಎಂದು ಬರೆದರೂ ಇಳಕಲ್ಲು ಎಂದು ಬರೆದರೂ ನಾಲ್ಕೇ ಮನೆ, ಕೊನೆಯ ಮನೆಯಲ್ಲಿ ಮಾತ್ರ ವ್ಯತ್ಯಾಸ. ಈ ಪುಟ್ಟ ವ್ಯತ್ಯಾಸವೇ ಮುಂದೆ ಹೇಳುವ ಉದಾಹರಣೆಯಲ್ಲಿ ಕೆಲಸಕ್ಕೆ ಬರುತ್ತದೆ.

ವಿಷಯ ಹೊರಬರುವ ಪರಿಯನ್ನು ತೋರಿಸಲೆಂದು ನಾನೇ ಒಂದು ಹಂದರವನ್ನು ಹೆಣೆದಿದ್ದೇನೆ. ಅದರ ತಲೆಬರಹ ‘ಗಟ್ಟಿ ಕೊನೆ’. ಇದನ್ನು ಓದಿದವರಿಗೆ ಕಥೆಯ ಕೊನೆಯೋ, ಪಂದ್ಯದ ಕೊನೆಯೋ ಹೊಳೆಯಬಹುದು. ಹೊಳೆದದ್ದನ್ನು ಪಕ್ಕಕ್ಕಿಟ್ಟು ಸುಳಿವುಗಳತ್ತ ಹೋಗೋಣ. ಮೇಲಿನಿಂದ ಕೆಳಕ್ಕೆ ಬರುವ ಸಾಲಿನಲ್ಲಿ ‘ಮಳೆಯೂ ಬಿಸಿಲೂ ಕೂಡಿದಾಗ ಆಕಾಶದಲ್ಲಿ ಏಳು ಬಣ್ಣ (5)’ ಎಂದಿದೆ. ಮಳೆಬಿಲ್ಲು ಎಂದರೆ ನಾಲ್ಕೇ ಮನೆಯಾಗುತ್ತದೆ, ಆದ್ದರಿಂದ ಕಾಮನಬಿಲ್ಲು. ಈ ಪದದ ಕೊನೆಯ ಮನೆಯಲ್ಲಿ ಎಡದಿಂದ ಬಂದ ನಾಲ್ಕು ಮನೆಯ ಪದವೊಂದು ಮುಗಿಯುತ್ತದೆ. ಅದರ ಸುಳಿವು ‘ಬಂಗಾರದ ಸಾಚಾತನ ಇದರ ಮೈಮೇಲೆ ತಿಳಿಯುತ್ತದೆ’. ಆ ನಾಲ್ಕು ಮನೆಯ ಪದದ ಎರಡನೆಯ ಮನೆಗೆ ಮೇಲಿನಿಂದ ಇಳಿದು ಬಂದು ನಿಲ್ಲುವ ಇನ್ನೊಂದು ಪದದ ಸುಳಿವು ‘ಗುಳೇದಗುಡ್ಡದ ಖಣಕ್ಕೆ ಜೊತೆ (2)’. ಖಣವೆಂದರೆ ರವಿಕೆಯ ಬಟ್ಟೆ; ನಮ್ಮ ಕಡೆಯವರಿಗೆ ಖಣ ಎಂದ ಕೂಡಲೇ ಇಳಕಲ್ಲಿನ ಸೀರೆ ನೆನಪಾಗುತ್ತದೆ. ಈಗ ನಾಲ್ಕು ಮನೆಯ ಪದದಲ್ಲಿ ಎರಡನೆಯದು ‘ರೆ’, ನಾಲ್ಕನೆಯದು ‘ಲ್ಲು’. ಒರೆಗಲ್ಲು ಎಂಬ ಉತ್ತರ ಬಂಗಾರದ ವ್ಯಾಪಾರ ಗೊತ್ತಿಲ್ಲದವರಿಗೂ ದೊರಕುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ‘ಲ್ಲು’ ಎಂಬ ಅಕ್ಷರದಿಂದ ಕನ್ನಡದಲ್ಲಿ ಯಾವ ಪದವೂ ಆರಂಭವಾಗುವುದಿಲ್ಲ. ಹಾಗಾಗಿ ಅಡ್ಡಸಾಲಿನ ಪದ ‘ಲ್ಲು’ ಎಂದು ಮುಗಿಯುವ ಕಡೆ ಉದ್ದಸಾಲಿನ ಪದವೊಂದು ಕೂಡಬೇಕಾದರೆ, ಅದು ಅಲ್ಲಿ ಮುಗಿಯಬೇಕು, ಇಲ್ಲವೇ ಆ ಮನೆಯನ್ನು ಹಾದು ಕೆಳಗೆ ಹೋಗಬೇಕು. ಒತ್ತಕ್ಷರ ಬಂದ ಬಹುಪಾಲು ಮನೆಗಳು ಹೀಗೆಯೇ. ‘ಟ್ಟ’, ‘ಡ್ಡಿ’, ‘ರ್ತಿ’ಗಳಿಂದ ಪದ ಹೊರಡುವುದಿಲ್ಲ, ಆದರೆ ‘ಪ್ರ’, ‘ಸ್ವ’, ‘ಕ್ಷ’ಗಳಿಂದ ಹೊರಡುತ್ತದೆ. ಹಂದರದಲ್ಲಿ ಒಂದು ಮನೆಗೆ ಸಂಖ್ಯೆ ಕೊಟ್ಟು ಅಲ್ಲಿಂದ ಹೊಸ ಪದವನ್ನು ಕೆಳಕ್ಕೆ ಇಳಿಸಿದ್ದರೆ, ಆ ಮನೆಯಲ್ಲಿ ಪದದ ಮೊದಲಿಗೆ ಬರಬಲ್ಲ ಅಕ್ಷರವೇ ಇರಬೇಕೆಂದು ಸುಳಿವನ್ನು ಓದದೆಯೇ ಹೇಳಬಹುದು. ಇದನ್ನು ರೂಢಿ ಮಾಡಿಕೊಂಡವರಿಗೆ ಖಾಲಿ ಹಂದರವೂ ಬಹಳಷ್ಟು ಹೇಳುತ್ತದೆ.

ಮುಂದಿನ ಸುಳಿವು ‘ಊರ ಹೊರಗೆ ನಿಂತ ಹಳೆಯ ಬಲಿದಾನದ ಕುರುಹು (4)’. ನಮ್ಮ ಹಳ್ಳಿಗಳ ಗುಡಿಯ ಬದಿಯಲ್ಲಿ ಕಾಣುವ ವೀರಗಲ್ಲೂ ಆಗಬಹುದು, ಗಂಡನೊಡನೆ ಪ್ರಾಣ ಬಿಟ್ಟವಳ ನೆನಪಿನ ಮಾಸ್ತಿಗಲ್ಲೂ ಆಗಬಹುದು. ಎರಡಕ್ಕೂ ನಾಲ್ಕು ಮನೆ, ಎರಡಕ್ಕೂ ಕೊನೆ ಒಂದೇ. ಎರಡನೆಯ ಮನೆಯಿಂದ ಕೆಳಕ್ಕೆ ಹೊರಟ ಪದದ ಸುಳಿವು ‘ಪುಲಕೇಶಿಯನ್ನು ಹೊಗಳಿ 634ರಲ್ಲಿ ಮೇಗುತಿ ಗುಡಿಯಲ್ಲಿ ಶಾಸನ ಬರೆಸಿದ ಕವಿ (4)’. ಐಹೊಳೆಯ ಆ ಶಾಸನದ ಕವಿ ರವಿಕೀರ್ತಿ. ಕವಿಯ ಹೆಸರು ನೆನಪಿಗೆ ಬಾರದಿದ್ದರೂ ಚಿಂತೆಯಿಲ್ಲ: ಮಾಸ್ತಿಗಲ್ಲು ಎಂದಾದರೆ ಕವಿಯ ಹೆಸರು ‘ಸ್ತಿ’ಯಿಂದ ಆರಂಭವಾಗಬೇಕಾಗುತ್ತದೆ, ಅಂಥ ಹೆಸರು ಇರಲಾರದು. ವೀರಗಲ್ಲು ಖಚಿತವಾಗುತ್ತದೆ, ‘ರ’ದಿಂದ ಆರಂಭವಾಗುವ ಕವಿಯೂ ಹತ್ತಿರ ಬರುತ್ತಾನೆ.

ಒರೆಗಲ್ಲು, ವೀರಗಲ್ಲು ಎಂಬ ಎರಡು ಉತ್ತರಗಳು ಕಂಡ ಈ ಘಟ್ಟದಲ್ಲಿ ತಲೆಬರಹವನ್ನು ಮತ್ತೆ ಓದಬೇಕು. ‘ಗಟ್ಟಿ ಕೊನೆ’ ಎಂದರೆ ಪದದ ಕೊನೆಯಲ್ಲಿರುವ ಗಟ್ಟಿ ವಸ್ತು, ಅಂದರೆ ಕಲ್ಲು. ಇನ್ನು ಮುಂದೆ ಉದ್ದನೆಯ ಖಾಲಿ ಸಾಲುಗಳ ಕೊನೆಯ ಎರಡು ಮನೆಗಳನ್ನು ಸುಳಿವು ಓದುವ ಮೊದಲೇ ತೆಳುವಾಗಿ ತುಂಬಿಕೊಳ್ಳಬಹುದು. ಆದರೆ ತುಂಬುವುದು ‘ಕಲ್ಲು’ ಎಂದೋ ‘ಗಲ್ಲು’ ಎಂದೋ? ಕನ್ನಡದಲ್ಲಿ ಪದಗಳು ಸೇರುವಾಗ ಆದೇಶಸಂಧಿಯಿಂದ ‘ಕ’ವು ‘ಗ’ ಆಗುವುದು ರೂಢಿಯಲ್ಲಿರುವುದರಿಂದ ‘ಲ್ಲು’ ಮಾತ್ರ ಖಚಿತ, ಅದರ ಹಿಂದಿನ ಮನೆಯನ್ನು ತೆರೆದಿಡಬೇಕು. ‘ದಾರಿಯ ಲೆಕ್ಕ ಹೇಳುತ್ತದೆ, ತಾನು ಮಾತ್ರ ನಡೆಯುವುದಿಲ್ಲ (4)’ ಎಂಬುದಕ್ಕೆ ಮೈಲಿಗಲ್ಲು. ‘1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಮಲಪ್ರಭೆಯ ದಂಡೆಯ ಊರು (5)’ ಎಂಬುದಕ್ಕೆ ಪಟ್ಟದಕಲ್ಲು. ‘ಸೀರೆಗೂ ಗ್ರಾನೈಟಿಗೂ ಹೆಸರಾದ ಪಟ್ಟಣ (4)’ ಎಂಬಲ್ಲಿ ಇಳಕಲ್ ಎಂದು ಬರೆಯುವ ಕೈ ಈಗ ವಿಷಯದ ಬಲದಿಂದ ಇಳಕಲ್ಲು ಎಂದು ಬರೆಯುತ್ತದೆ. ನನಗೆ ಈ ಆಟದಲ್ಲಿ ಅತಿ ಹೆಚ್ಚು ಸಂತೋಷ ಕೊಡುವುದು ಇದೇ ಘಟ್ಟ. ಅಲ್ಲಿಯವರೆಗೆ ಸುಳಿವುಗಳು ನಮ್ಮನ್ನು ನಡೆಸುತ್ತವೆ, ಅಲ್ಲಿಂದ ಮುಂದೆ ನಾವು ಸುಳಿವುಗಳಿಗಿಂತ ಒಂದು ಹೆಜ್ಜೆ ಮುಂದಿರುತ್ತೇವೆ.

ಇದೇ ಹಂದರದಲ್ಲಿ ಎಡವುವ ಜಾಗವೂ ಇದೆ. ಪಟ್ಟದಕಲ್ಲು ಮತ್ತು ರವಿಕೀರ್ತಿ ಮೊದಲಿಗೇ ಸಿಕ್ಕವರು ವಿಷಯ ಚಾಲುಕ್ಯರದ್ದೆಂದು ತೀರ್ಮಾನಿಸಿ, ಮೈಲಿಗಲ್ಲಿನ ಜಾಗಕ್ಕೆ ಮಹಾಕೂಟವನ್ನೂ ಒರೆಗಲ್ಲಿನ ಜಾಗಕ್ಕೆ ವಿರೂಪಾಕ್ಷನನ್ನೂ ತರಲು ನೋಡುತ್ತಾರೆ. ಮನೆಗಳ ಲೆಕ್ಕವೂ ಸರಿಹೋಗುವುದರಿಂದ ನಂಬಿಕೆ ಇನ್ನೂ ಬಲವಾಗುತ್ತದೆ. ವಿಷಯ ಸಾಮಾನ್ಯವಾಗಿ ಉದ್ದನೆಯ ಉತ್ತರಗಳಲ್ಲಿ, ಹೆಚ್ಚಾಗಿ ಎಡದಿಂದ ಬಲಕ್ಕೆ ಸಾಗುವ ಸಾಲುಗಳಲ್ಲಿ ನೆಲೆಸಿರುತ್ತದೆ. ಪಕ್ಕದ ಪದಗಳು ಅದೇ ಸೀಮೆಯಿಂದ ಬಂದಿದ್ದರೆ ಅದು ರಚಿಸಿದವರ ಒಲವು ಇರಬಹುದು, ವಿಷಯವೇ ಆಗಬೇಕೆಂದಿಲ್ಲ. ಎರಡು ಉತ್ತರಗಳಿಂದ ಹೊಳೆದ ವಿಷಯವನ್ನು ಮೂರನೆಯ ಉತ್ತರವೊಂದು ಒಪ್ಪುವವರೆಗೆ ಊಹೆಯೆಂದೇ ಎಣಿಸಬೇಕು. ವಿಷಯಕ್ಕೂ ಅಡ್ಡಹಾಯುವ ಅಕ್ಷರಕ್ಕೂ ಜಗಳ ಬಂದರೆ ಅಕ್ಷರದ ಮಾತನ್ನೇ ನಡೆಸಬೇಕು. ಈ ಒಂದು ನಿಯಮವನ್ನು ಪಾಲಿಸಿದರೂ ಅರ್ಧಕ್ಕೇ ಬಿಡುವ ಪದಬಂಧಗಳು ಬಹಳ ಕಡಿಮೆಯಾಗುತ್ತವೆ.

ವಿಷಯಗಳೆಲ್ಲ ಒಂದೇ ಬಗೆಯವಲ್ಲ. ನದಿಗಳು, ರಾಗಗಳು, ತಿನಿಸುಗಳು ಎಂದು ನೇರವಾಗಿ ಒಂದು ವರ್ಗಕ್ಕೆ ಸೇರಿದ ಉತ್ತರಗಳಿರುವುದು ಎಲ್ಲಕ್ಕಿಂತ ಸುಲಭದ್ದು. ಅಂಥಲ್ಲಿ ತಲೆಬರಹವೇ ಸಾಕು. ಮೇಲಿನ ಉದಾಹರಣೆಯಂತೆ ಪದಗಳು ಒಂದು ತುಂಡನ್ನು ಹಂಚಿಕೊಳ್ಳುವುದು ಎರಡನೆಯದು. ಇನ್ನೊಂದು ಬಗೆಯಲ್ಲಿ ಪದವೊಂದರ ಹೊಟ್ಟೆಯೊಳಗೆ ಇನ್ನೊಂದು ಪದ ಅಡಗಿರುತ್ತದೆ, ಬಾಗಲಕೋಟೆಯಲ್ಲಿ ಕೋಟೆ ಇರುವಂತೆ, ಐಹೊಳೆಯಲ್ಲಿ ಹೊಳೆ ಇರುವಂತೆ. ಸುಳಿವುಗಳೇ ಆಟವಾಡುವುದೂ ಉಂಟು. ‘ಹಿಮ್ಮುಖವಾಗಿ ಹರಿದ ನದಿಗೆ ಇಪ್ಪತ್ತನಾಲ್ಕು ಗಂಟೆ (2)’ ಎಂದರೆ ನದಿಯನ್ನು ಮನೆಮನೆಯಾಗಿ ತಿರುಗಿಸಬೇಕು, ಉತ್ತರ ದಿನ. ತಿರುಗಿಸು, ಕಲಸು, ತಲೆ ಕಳೆ, ಅರ್ಧ, ನಡುವೆ ಎಂಬ ಮಾತುಗಳು ಸುಳಿವಿನಲ್ಲಿ ಬಂದರೆ ಅರ್ಥವನ್ನು ಬದಿಗಿಟ್ಟು ಅಕ್ಷರಗಳ ಮೇಲೆ ಕಣ್ಣಿಡುವುದು ಲೇಸು.

ಫೋನಿನಲ್ಲಿ ಇಂಗ್ಲಿಷ್ ಪದಬಂಧ ಬಿಡಿಸುವವರಿಗೂ ಇದೇ ವಿಧಾನ ಹೊಂದುತ್ತದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸೋಮವಾರದಿಂದ ಗುರುವಾರದವರೆಗೆ ಮತ್ತು ಭಾನುವಾರ ಸಾಮಾನ್ಯವಾಗಿ ವಿಷಯ ಇರುತ್ತದೆ, ಶುಕ್ರವಾರ ಮತ್ತು ಶನಿವಾರ ಇರುವುದಿಲ್ಲ. ಕಲಿಯುವವರು ಸೋಮವಾರದ ಸುಲಭದ್ದರಿಂದ ಆರಂಭಿಸಬಹುದು. ಅಲ್ಲಿಯ ಹಂದರವನ್ನು ತಲೆಕೆಳಗು ಮಾಡಿದರೂ ಕಪ್ಪು ಮನೆಗಳು ಅದೇ ಜಾಗದಲ್ಲಿ ಕಾಣುತ್ತವೆ, ಆದ್ದರಿಂದ ಮೇಲೆ ವಿಷಯದ ಉತ್ತರವೊಂದು ಸಿಕ್ಕರೆ ಕೆಳಗೆ ಅದಕ್ಕೆ ಎದುರಾದ ಅಷ್ಟೇ ಉದ್ದದ ಸಾಲಿನಲ್ಲಿ ಅದರ ಜೋಡಿಯನ್ನು ಹುಡುಕಬಹುದು. ಕನ್ನಡದ ಹಂದರವೂ ಹಾಗೆ ಸಮವಾಗಿದ್ದರೆ ಈ ಉಪಾಯ ಅಲ್ಲಿಯೂ ನಡೆಯುತ್ತದೆ.

ನಮ್ಮ ಭಾಗದವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. ನಾವು ಮಾತಿನಲ್ಲಿ ಮನಿ, ಕೆರಿ, ಸೀರಿ, ಪಡಸಾಲಿ ಎನ್ನುತ್ತೇವೆ, ಹಂದರ ಕೇಳುವುದು ಮನೆ, ಕೆರೆ, ಸೀರೆ, ಪಡಸಾಲೆಯನ್ನು. ಕೊನೆಯ ಮನೆಯಲ್ಲಿ ‘ರಿ’ ಬರೆದು, ಅಲ್ಲಿ ಕೂಡುವ ಪದ ಏಕೆ ಬರುತ್ತಿಲ್ಲವೆಂದು ಒದ್ದಾಡುವ ಮೊದಲು ಅದನ್ನು ‘ರೆ’ ಮಾಡಿ ನೋಡಬೇಕು. ಅಡುಗೆಮನೆಯ ಪದಗಳಲ್ಲಿ ಅಂತರ ಇನ್ನೂ ದೊಡ್ಡದು. ಬೆಂಗಳೂರಿನ ಕಡೆಯವರು ಹೆಣೆದ ಪದಬಂಧದಲ್ಲಿ ಕಣ್ಣೀರು ತರಿಸುವ ಗಡ್ಡೆಗೆ ಮೂರು ಮನೆ ಇದ್ದರೆ ಅದು ಈರುಳ್ಳಿ, ನಮ್ಮ ಉಳ್ಳಾಗಡ್ಡಿಗೆ ನಾಲ್ಕು ಬೇಕು. ಎರಡು ಮನೆಯಲ್ಲಿ ನಾವು ಶೇಂಗಾ ಬರೆಯುವ ಕಡೆ ಅವರಿಗೆ ಕಡಲೆಕಾಯಿಯ ಐದು ಮನೆ ಬೇಕಾಗುತ್ತದೆ. ಎರಡೂ ಕಡೆಯ ಮಾತು ಬಲ್ಲವರಿಗೆ ಇದೊಂದು ದೊಡ್ಡ ಅನುಕೂಲ, ಏಕೆಂದರೆ ಒಂದು ವಸ್ತುವಿಗೆ ಎರಡು ಹೆಸರು ಕೈಯಲ್ಲಿದ್ದು, ಅಂಕಿ ನೋಡಿ ಒಂದನ್ನು ಆರಿಸಿಕೊಳ್ಳಬಹುದು.

ಕೊನೆಗೆ ಎರಡು ಮೂರು ಮನೆಗಳು ತುಂಬದೆ ಉಳಿದರೆ ಕೂಡಲೇ ಮೊಬೈಲಿನಲ್ಲಿ ಹುಡುಕುವುದಕ್ಕಿಂತ, ಪತ್ರಿಕೆಯನ್ನು ಮಡಿಸಿಟ್ಟು ಬೇರೆ ಕೆಲಸ ಮುಗಿಸಿ ಬಂದು ನೋಡುವುದು ಹೆಚ್ಚು ಫಲ ಕೊಡುತ್ತದೆ. ಸುಳಿವನ್ನು ಮನೆಯ ಹಿರಿಯರ ಎದುರು ಗಟ್ಟಿಯಾಗಿ ಓದಿದರೆ ಕೃಷಿಯ, ನೇಯ್ಗೆಯ, ಹಬ್ಬದ ಪದಗಳು ನಿಘಂಟಿಗಿಂತ ಬೇಗ ಬರುತ್ತವೆ. ಮರುದಿನ ಉತ್ತರ ಪ್ರಕಟವಾದಾಗ ತುಂಬದ ಮನೆಗಳನ್ನು ಮಾತ್ರ ನೋಡಿ ಬಿಡದೆ, ತುಂಬಿದ್ದರಲ್ಲಿ ಸುಳಿವಿನೊಡನೆ ಪೂರ್ತಿ ಹೊಂದದೆ ಊಹೆಯಿಂದ ಬರೆದದ್ದು ಯಾವುದು ಎಂಬುದನ್ನೂ ಪರಿಶೀಲಿಸಿ, ಸುಳಿವು ಮತ್ತು ಉತ್ತರವನ್ನು ಒಂದು ವಹಿಯಲ್ಲಿ ಜೊತೆಯಾಗಿ ಬರೆದಿಟ್ಟುಕೊಳ್ಳಬೇಕು. ಎರಡು ಮೂರು ಮನೆಯ ಚಿಕ್ಕ ಪದಗಳು ಪದಬಂಧಗಳಲ್ಲಿ ಮತ್ತೆ ಮತ್ತೆ ಮರಳಿ ಬರುತ್ತವೆ, ಮತ್ತು ಉದ್ದನೆಯ ಉತ್ತರಗಳಿಗೆ ಮೊದಲ ಅಕ್ಷರವನ್ನು ಒದಗಿಸುವುದು ಅವುಗಳೇ.